ಡಬ್ಬಿಯ ತಳದ ತೂತು

ಏಪ್ರಿಲ್ 4, ಶುಕ್ರವಾರ

ಹಳ್ಳದ ಈ ಕಥೆಯನ್ನು ಮೊದಲು ಹೇಳಿದವನು ಖಸೀಬ್ ಚಿಕ್ಕಪ್ಪ. ಇವತ್ತು ಮಧ್ಯಾಹ್ನ, ನಮಾಜು ಮುಗಿಸಿ ಊರ ಗಂಡಸರೆಲ್ಲ ಊರ ಚಾವಡಿ ಸಬ್ಲಾದಲ್ಲಿ ಕಾಫಿಗೆ ಕೂತಿದ್ದಾಗ. ಹಬ್ಬದ ಹಲ್ವಾ ಇನ್ನೂ ಖಾಲಿಯಾಗಿರಲಿಲ್ಲ. ನಾನು ಗೋಡೆಗೊರಗಿ ಅರ್ಧ ನಿದ್ದೆಯಲ್ಲಿದ್ದೆ.

ಹೋದ ವರ್ಷ ಹಳ್ಳ ಬಂದಾಗ ಚಿಕ್ಕಪ್ಪನ ಷಡ್ಡಕನ ಗಾಡಿ ನಡುನೀರಿನಲ್ಲಿ ನಿಂತಿತಂತೆ. ಎಂಜಿನ್ ಮೂಗಿಗೆ ನೀರು ಹೋಯಿತು. ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಆಮೇಲೆ ಉಸಿರಿಲ್ಲ. ಗಾಡಿಯ ನೆತ್ತಿಗೆ ಹತ್ತಿ ಕೂತವರು ಮೂವರು. ಇಳಿದು ಬಂದವರು ಇಬ್ಬರು...  ಕಾಫಿ ಹಾಕುವವನು ಹೂಜಿ ಹಿಡಿದು ಬಗ್ಗಿದರೆ ಚಿಕ್ಕಪ್ಪ ಖಾಲಿ ಬಟ್ಟಲನ್ನು ಅಲ್ಲಾಡಿಸಿದ — ಸಾಕು ಅಂತ. ಮೂರನೆಯವನ ಹೆಸರನ್ನು ಯಾರೂ ಕೇಳಲಿಲ್ಲ.

ನನ್ನ ಕಣ್ಣು ತಮ್ಮ ಬಖೀತನ ಮೇಲೆ. ಅವನ ಹೆಂಡತಿ ಗಾಲಿಯಾ ತುಂಬು ಬಸುರಿ. ಚೊಚ್ಚಲು. ಚೊಚ್ಚಲಿಗೆ ತಾಯಿಯ ಮನೆಯೇ ಆಗಬೇಕೆಂದು ಮೇಲೂರಿಗೆ ಹೋಗಿ ಕೂತಿದ್ದಾಳೆ. ಅಲ್ಲಿಂದ ಇಲ್ಲಿನ ಆಸ್ಪತ್ರೆಗೆ ಒಂದೇ ದಾರಿ. ಮಳೆಯಿಲ್ಲದಾಗ ಒಣಗಿರುವ ಹಳ್ಳದ ಪಾತ್ರದಲ್ಲೇ ಮೂವತ್ತು ಕಿಲೋಮೀಟರ್. ಬಖೀತ್ ಹಲ್ವಾ ತಿನ್ನುವುದನ್ನು ಬಿಟ್ಟು ತನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದ.

ಏಪ್ರಿಲ್ 6, ಭಾನುವಾರ

ಅಂದುಕೊಂಡ ಹಾಗೇ ಆಯಿತು. ಗ್ಯಾರೇಜು ತೆಗೆಯುವ ಮೊದಲೇ ಬಾಗಿಲ ಮುಂದೆ ಅವನ ಪಿಕಪ್. ಸ್ನಾರ್ಕೆಲ್ ಹಾಕಿಕೊಡು ಎಂದ. ಎಂಜಿನ್ನಿನ ಮೂಗನ್ನು ಗಾಡಿಯ ನೆತ್ತಿಯ ಎತ್ತರಕ್ಕೆ ಒಯ್ಯುವ ಆ ಕಪ್ಪು ಕೊಳವೆಗೆ ನಮ್ಮಲ್ಲಿ ಸೊಂಡಿಲು ಎಂದೇ ಹೆಸರು. ನನ್ನ ಜೊತೆ ಕೆಲಸ ಮಾಡುವ ಪಠಾಣ ಗುಲ್ ಜಮಾನ್ ಇಟ್ಟ ಹೆಸರು.

ನಾನು ಮರಳುಗಾಡಿನಲ್ಲಿ ಕೆಲಸ ಕಲಿತವನು. ನಾನು ಹಾಕಿದ ಸೊಂಡಿಲುಗಳೆಲ್ಲ ಧೂಳಿಗೆ. ಮುಂದಿನ ಗಾಡಿ ಎಬ್ಬಿಸಿದ ಮರಳು ಹಿಂದಿನ ಗಾಡಿಯ ಮೂಗಿಗೆ ಹೋಗಬಾರದು, ಅಷ್ಟೇ. ನೀರಿಗೆ ಎಂದು ಕೇಳಿದವನು ಇವನೇ ಮೊದಲು.

ಬೇಡ ಎಂದೆ. ಗಾಲಿಯಾಳನ್ನು ಈಗಲೇ ಕೆಳಗೆ ಕರೆದುಕೊಂಡು ಬಾ ಎಂದೆ. ಅವಳ ತಾಯಿ ಒಪ್ಪುತ್ತಿಲ್ಲವಂತೆ. ಅತ್ತೆಯ ಬಾಯಿಗಿಂತ ಹಳ್ಳದ ನೀರೇ ವಾಸಿ ಎಂದು ನಕ್ಕ. ನನಗೆ ನಗು ಬರಲಿಲ್ಲ. ಸೊಂಡಿಲು ಇಲ್ಲದವನು ನೀರು ಕಂಡರೆ ದಡದಲ್ಲಿ ನಿಲ್ಲುತ್ತಾನೆ. ಇದ್ದವನು... ಅದನ್ನೇ ಹೇಳಿದೆ.

“ಅಣ್ಣ, ನೀನು ಹಾಕಲ್ಲ ಅಂದ್ರೆ ಪೇಟೆಗೆ ಹೋಗಿ ಹಾಕಿಸ್ತೀನಿ. ಅವ್ರು ಗಮ್ಮಲ್ಲಿ ಅಂಟಿಸಿ ಕಳಿಸ್ತಾರೆ. ಆಮೇಲೆ ನನ್ನ ಬೈಬೇಡ.”

ಹಾಕುತ್ತೇನೆ ಎಂದೆ. 

ಏಪ್ರಿಲ್ 8, ಮಂಗಳವಾರ

ಮಡ್‌ಗಾರ್ಡ್ ಕೊರೆದದ್ದಾಯಿತು. ಕಾಗದದ ನಮೂನೆಯನ್ನು ಮಡ್‌ಗಾರ್ಡಿಗೆ ಟೇಪಿನಲ್ಲಿ ಅಂಟಿಸಿ ಅಳೆದೆ. ತೆಗೆದೆ. ಮತ್ತೆ ಅಂಟಿಸಿ ಅಳೆದೆ. ಮೂರನೆಯ ಸಲ ಅಳೆಯುವಾಗ ಗುಲ್ ಜಮಾನ್ ಚಹಾ ಲೋಟ ಕೆಳಗಿಟ್ಟ.

“ಉಸ್ತಾದ್, ಗಾಡಿಗೇನು ಮದುವೆನಾ? ದರ್ಜಿನೂ ಇಷ್ಟು ಅಳೆಯಲ್ಲ.”

ಡ್ರಿಲ್ ಹಿಡಿದ ಮೇಲೂ ಕೆಳಗಿಟ್ಟು ಇನ್ನೊಮ್ಮೆ ಅಳೆದೆ. ಇಪ್ಪತ್ತೆರಡು ವರ್ಷ ಕೆಲಸ ಮಾಡಿದ ಕೈ. ತಮ್ಮನ ಗಾಡಿ ಅಂತಲೋ, ಒಳಗೆ ಯಾರು ಕೂತು ಬರುತ್ತಾರೆ ಎನ್ನುವುದು ಗೊತ್ತಿದ್ದದ್ದಕ್ಕೋ. ದೊಡ್ಡ ತೂತು ಕೊರೆದು ಅಂಚನ್ನು ಅರದಿಂದ ಉಜ್ಜಿ ಬಣ್ಣ ಬಳಿದೆ. ಬಳಿಯದಿದ್ದರೆ ತುಕ್ಕು ಅಲ್ಲಿಂದಲೇ ಶುರು. ಸಂಜೆ ಸೊಂಡಿಲನ್ನು ಸುಮ್ಮನೆ ಇಟ್ಟು ನೋಡಿದೆ. ಸರಿಯಾಗಿ ಕೂತಿದೆ. ಆದರೂ ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ಮೂಝಾ ಕೇಳಿದಳು, ಜ್ವರವಾ ಎಂದು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೂ ಹೆದರಿಕೆ ಎಂದು ಹೇಳಿಕೊಳ್ಳಲು ನಾಚಿಕೆ.

ಏಪ್ರಿಲ್ 9, ಬುಧವಾರ, ಸಂಜೆ 6

ನೀರು ನುಗ್ಗುವ ಜಾಗಗಳನ್ನೆಲ್ಲ ಇವತ್ತು ಮುಚ್ಚಿದೆ. ಸೊಂಡಿಲಿನ ಕೀಲುಗಳಿಗೆ ಸಿಲಿಕೋನ್. ರಬ್ಬರ್ ಕೊಳವೆಗೆ ಎರಡೆರಡು ಕ್ಲಿಪ್. ಗಾಳಿ ಸೋಸುವ ಫಿಲ್ಟರ್ ಡಬ್ಬಿಯ ಮುಚ್ಚಳಕ್ಕೆ ಸುತ್ತಲೂ ಹೊಸ ರಬ್ಬರ್. ಡಬ್ಬಿಯನ್ನೇ ಹೊರಗೆ ತೆಗೆದು, ತೊಳೆದು, ಒರೆಸಿ ಮತ್ತೆ ಕೂರಿಸಿದೆ. ಹಿಂದಿನ ಆಕ್ಸಲ್ಲಿನ ಗಾಳಿ ಪೈಪನ್ನೂ ಮೇಲಕ್ಕೆ ಎಳೆದು ಕಟ್ಟಿದೆ.

ಡಬ್ಬಿ ತೊಳೆಯುವ ಹೊತ್ತಿಗೆ ಖಸೀಬ್ ಚಿಕ್ಕಪ್ಪ ಬಂದು ಟೈರಿನ ಮೇಲೆ ಕೂತ. ಯಾವುದೋ ಒಂಟೆಯ ಕಥೆ. ನಗಿಸಿ ನಗಿಸಿ ಸುಸ್ತು ಮಾಡಿದ. ಕಿವಿ ಅಲ್ಲಿ, ಕೈ ಇಲ್ಲಿ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಈ ನಾಲ್ಕು ದಿನದಲ್ಲಿ ಹೆದರಿಕೆ ಮರೆತದ್ದು ಆ ಅರ್ಧ ಗಂಟೆ ಮಾತ್ರ.

ಸಿಲಿಕೋನ್ ಒಣಗಲು ಒಂದು ದಿನ ಬೇಕು. ಪರೀಕ್ಷೆ ನಾಳೆ ಸಂಜೆ. ಎಂಜಿನ್ ಶುರುಮಾಡಿ ಸೊಂಡಿಲಿನ ಬಾಯಿಗೆ ಅಂಗೈ ಒತ್ತಿ ಹಿಡಿಯುವುದು. ಗಾಡಿ ಉಸಿರುಕಟ್ಟಿ ನಿಂತರೆ ಎಲ್ಲ ಬಿಗಿ. ನಿಲ್ಲದೆ ಓಡಿದರೆ ಎಲ್ಲೋ ತೂತಿದೆ. ಅಲ್ಲಿಯವರೆಗೆ ಗಾಡಿ ಮುಟ್ಟಬೇಡ ಎಂದು ಬಖೀತನಿಗೆ ಎರಡು ಸಲ ಹೇಳಿದ್ದೇನೆ.

ಏಪ್ರಿಲ್ 10, ಗುರುವಾರ, ಬೆಳಗ್ಗೆ 6.30

ಗಾಡಿ ಇಲ್ಲ.

ಫೋನಿನಲ್ಲಿ ಅವನ ದನಿ, ಒಂದು ಮೆಸೇಜು. ಗಾಲಿಯಾಗೆ ಬೆನ್ನು ನೋವಂತೆ, ಅತ್ತೆ ಹೇಳಿ ಕಳಿಸಿದ್ದಾಳಂತೆ, ಮೇಲೆಯೇ ಇರುತ್ತೇನೆ, ಹೊತ್ತು ಬಂದಾಗ ಕರೆತರುತ್ತೇನೆ. ನೀನು ನಮಾಜಿನಲ್ಲಿದ್ದೆ, ಕರೆಯಲಿಲ್ಲ. ಕೆಲಸ ತುಂಬಾ ಚೆನ್ನಾಗಿದೆ ಅಣ್ಣ.

ಚೆನ್ನಾಗಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಅಂಗೈ ಇಟ್ಟು ನೋಡಿಯೇ ಇಲ್ಲ.

ಏಪ್ರಿಲ್ 12, ಶನಿವಾರ, ಬೆಳಗ್ಗೆ 11

 ಬರೆಯುತ್ತೇನೆ. ಬರೆದರೆ ಸ್ವಲ್ಪ ಸರಿಹೋಗಬಹುದು.

ಗುಲ್ ಜಮಾನ್ ನೆಲ ಗುಡಿಸುತ್ತಿದ್ದ. ತೊಳೆಯುವ ತೊಟ್ಟಿಯ ಹಿಂದಿನಿಂದ ಒಂದು ರಬ್ಬರ್ ತುಂಡು ಎತ್ತಿ ಹಿಡಿದ. ಹೆಬ್ಬೆರಳಿನಷ್ಟು ಉದ್ದ, ತುದಿ ಬಾತುಕೋಳಿಯ ಕೊಕ್ಕಿನ ಹಾಗೆ. ಯಾರ ಗಾಡಿಯದು ಉಸ್ತಾದ್ ಎಂದ. ಹಳೆಯದು, ಬಿಸಾಕು ಎಂದೆ. ಬಿಸಾಕಿದ. ಅವನು ಚಹಾಕ್ಕೆ ಹೋದ ಮೇಲೆ ಕಸದ ಡಬ್ಬದಲ್ಲಿ ಕೈಯಾಡಿಸಿ ತೆಗೆದೆ.

ಫಿಲ್ಟರ್ ಡಬ್ಬಿಯ ತಳದಲ್ಲಿ ಒಂದು ತೂತು ಇರುತ್ತದೆ. ಅದಕ್ಕೆ ಈ ರಬ್ಬರ್ ತುಟಿ. ನಾವು ಮರಳಿನವರು ಇದನ್ನು ಕಂಡ ಕೂಡಲೇ ಕಿತ್ತು ಎಸೆಯುತ್ತೇವೆ. ತುಟಿ ಇದ್ದರೆ ಮರಳು ಒಳಗೇ ಕಟ್ಟುತ್ತದೆ. ಇಲ್ಲದಿದ್ದರೆ ತೂತಿನಿಂದ ತಾನೇ ಉದುರಿಹೋಗುತ್ತದೆ. ನನಗೆ ಕಲಿಸಿದ ಉಸ್ತಾದ್ ಮೊದಲ ದಿನ ಕಲಿಸಿದ್ದೇ ಇದು. ಡಬ್ಬಿ ಕೈಗೆ ಬಂದರೆ ಮೊದಲು ತುಟಿ ಕೀಳು.

ಕಿತ್ತಿದ್ದೇನೆ. ಒಂಟೆಯ ಕಥೆ ಕೇಳುತ್ತ, ನಗುತ್ತ.

ನೀರಿಗೆ ಹೋಗುವ ಗಾಡಿಯಲ್ಲಿ ಆ ತೂತನ್ನು ಬಿರಡೆ ಹಾಕಿ ಮುಚ್ಚಬೇಕು. ಅದು ತೆರೆದಿದ್ದರೆ ಸೊಂಡಿಲು ಎಷ್ಟು ಎತ್ತರ ಇದ್ದರೇನು? ಎಂಜಿನ್ ಮೇಲಿನಿಂದ ಗಾಳಿ ಎಳೆಯುವುದಿಲ್ಲ, ಕೆಳಗಿನಿಂದ ನೀರು ಎಳೆಯುತ್ತದೆ. ದೀಪದ ಎತ್ತರ ಮುಳುಗಿದರೆ ಸಾಕು.

ಅದೇ ದಿನ, ಸಂಜೆ 4

ಹದಿನಾಲ್ಕು ಸಲ ಫೋನ್ ಮಾಡಿದೆ. ಮೇಲೂರಿನಲ್ಲಿ ಸಿಗ್ನಲ್ ಇಲ್ಲ. ಘಟ್ಟದ ತುದಿಗೆ ಬಂದರೆ ಮಾತ್ರ. ಆಕಾಶ ಸ್ವಚ್ಛ. ನಾಳೆ ಬೆಳಗ್ಗೆ ನಾನೇ ಹೋಗಿ ಬಿರಡೆ ಹಾಕಿ ಬರುತ್ತೇನೆ. ಹತ್ತು ನಿಮಿಷದ ಕೆಲಸ. ಯಾರಿಗೂ ಗೊತ್ತಾಗಬೇಕಾಗಿಲ್ಲ.

ಏಪ್ರಿಲ್ 13, ಭಾನುವಾರ, ಸಂಜೆ

ಹೋಗಲಿಲ್ಲ.

ಬೆಳಗ್ಗೆ ಹೊರಟಿದ್ದೆ. ಖರ್ಜೂರದ ತೋಟದವರ ಟ್ರಾಕ್ಟರ್ ಬಂತು. ಆಮೇಲೆ ಗೇರ್ ಸಿಕ್ಕಿಕೊಂಡ ಗಾಡಿ. ಇವೆಲ್ಲ ನೆಪ. ನಿಜ ಬೇರೆ. ಬಖೀತನ ಮುಂದೆ ಬಾನೆಟ್ ಎತ್ತಿ ತಪ್ಪು ತೋರಿಸಬೇಕಲ್ಲ. ಚಿಕ್ಕಂದಿನಲ್ಲಿ ಅವನಿಗೆ ಸೈಕಲ್ ಚೈನು ಹಾಕುವುದನ್ನು ಕಲಿಸಿದವನು ನಾನು. ಅಣ್ಣ ಮುಟ್ಟಿದ್ದು ಕೆಡುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು ಅವನು.

ಮೂರು ಗಂಟೆಗೆ ಫೋನಿನಲ್ಲಿ ಎಚ್ಚರಿಕೆ ಬಂತು. ಸಮುದ್ರದ ಕಡೆಯಿಂದ ವಾಯುಭಾರ ಕುಸಿತ, ಬೆಟ್ಟದ ಮೇಲೆ ಜೋರು ಮಳೆ, ಹಳ್ಳ ದಾಟಬೇಡಿ. ಎರಡು ಸಲ ಓದಿದೆ.

ಮೂಝಾಳಿಗೆ ಹೇಳಿದೆ. ಎಲ್ಲ ಹೇಳಿದೆ. ಅವಳು ಹಿಟ್ಟು ಕಲಸುತ್ತಿದ್ದವಳು ಕೈ ನಿಲ್ಲಿಸಿದಳು.

“ನಿನ್ನೆ ಗೊತ್ತಾಯ್ತು. ಇವತ್ತು ಸಂಜೆ ಹೇಳ್ತಿದ್ದೀಯ. ಮಧ್ಯೆ ಏನು ಮಾಡ್ತಿದ್ದೆ?”

 ಕತ್ತಲಲ್ಲಿ ಹಳ್ಳದ ದಾರಿ ಬೇಡ, ಬೆಳಕು ಹರಿಯುತ್ತಲೇ ಹೊರಡು ಎಂದಳು.

ಏಪ್ರಿಲ್ 14, ಸೋಮವಾರ, ಬೆಳಗ್ಗೆ 6.10

ಬಖೀತನ ಫೋನ್ ಬಂತು. ಘಟ್ಟದ ತುದಿಯಿಂದ. ಗಾಳಿಯ ಸದ್ದು, ಅದರೊಳಗೆ ಅವನು.

“ಅಣ್ಣ, ನೋವು ಶುರುವಾಗಿದೆ. ಮಳೆನೂ ಬರ್ತಿದೆ. ಹೊರಟಿದ್ದೀವಿ. ಸೊಂಡಿಲಿದೆಯಲ್ಲ, ನೀನು ಹೆದರಬೇಡ.”

ನನ್ನ ಬಾಯಿಂದ ಬಂದದ್ದು — ನಿಧಾನ ಬಾ. ಅದೇ ಬಂದದ್ದು. ತೂತಿದೆ, ನೀರಿಗೆ ಇಳಿಯಬೇಡ ಎನ್ನುವುದನ್ನು ಹೇಗೆ ಹೇಳಲಿ ಎಂದು ಮಾತು ಹುಡುಕಿದೆ. ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಕಟ್ ಆಯಿತು. ಮತ್ತೆ ಮಾಡಿದರೆ ಸಿಗ್ನಲ್ ಇಲ್ಲ.

ಗುಲ್ ಜಮಾನ್ ಗಾಡಿಗೆ ಹಗ್ಗ ಹಾಕುತ್ತಿದ್ದಾನೆ. ಹೊರಟೆವು.

ಅದೇ ದಿನ, 8.40

ಹಳ್ಳದ ದಡದಲ್ಲಿದ್ದೇವೆ. ನೀರು ನಮಗಿಂತ ಮೊದಲೇ ಬಂದಿದೆ. ಆಚೆ ದಡದಲ್ಲಿ ಇನ್ನೂ ಯಾರೂ ಇಲ್ಲ. ನಮ್ಮ ಗಾಡಿಗೆ ಸೊಂಡಿಲಿಲ್ಲ, ದಾಟುವಂತಿಲ್ಲ. ದೇವರೇ, ಅವರು ಘಟ್ಟದಲ್ಲೇ ಎಲ್ಲಾದರೂ ನಿಂತಿರಲಿ. ಟೈರ್ ಪಂಕ್ಚರ್ ಆಗಲಿ. ಏನಾದರೂ—

ಏಪ್ರಿಲ್ 16, ಬುಧವಾರ

ಎರಡು ದಿನ ಪುಸ್ತಕ ಮುಟ್ಟಲಿಲ್ಲ. ಈಗ ಬರೆದಿಡುತ್ತೇನೆ. ಖಸೀಬ್ ಚಿಕ್ಕಪ್ಪ ಹೇಳಿ ಹೇಳಿ ಬೇರೆಯದೇ ಆಗಿಹೋಗುವ ಮೊದಲು.

ದಾಟುವ ಜಾಗದಲ್ಲಿ ನೀರು ನಲವತ್ತು ಹೆಜ್ಜೆ ಅಗಲ. ಕೆಂಪು. ಒಳಗೆ ಬಂಡೆಗಳು ಉರುಳುವ ಸದ್ದು ಕಾಲಿಗೆ ಕೇಳಿಸುತ್ತಿತ್ತು, ಕಿವಿಗಲ್ಲ. ಪಕ್ಕದಲ್ಲೇ ನಿಂತ ಗುಲ್ ಜಮಾನ್ ಮಾತಾಡಿದರೂ ತುಟಿ ಮಾತ್ರ ಅಲ್ಲಾಡಿದಂತೆ.

ಒಂಬತ್ತೂಕಾಲಿಗೆ ಆಚೆ ದಡದಲ್ಲಿ ಪಿಕಪ್ ಬಂತು. ಮುಂದಿನ ಸೀಟಿನಲ್ಲಿ ಮೂವರು. ನಡುವೆ ಗಾಲಿಯಾ, ಬಾಗಿಲ ಕಡೆ ಅವಳ ತಾಯಿ. ಬಖೀತ್ ಇಳಿದು ನನ್ನನ್ನು ನೋಡಿದ. ಮುಖ ಅರಳಿತು. ಸೊಂಡಿಲನ್ನು ತಟ್ಟಿ ತೋರಿಸಿದ, ಓಟದಲ್ಲಿ ಗೆದ್ದ ಒಂಟೆಯ ಕುತ್ತಿಗೆ ತಟ್ಟುವ ಹಾಗೆ.

ನಾನು ಕೈ ಬೀಸಿದೆ. ಬೇಡ, ಬೇಡ ಅಂತ. ಎರಡೂ ಕೈಯಲ್ಲಿ, ಜೋರಾಗಿ.

ಅಲ್ಲೇ ತಪ್ಪಿದ್ದು. ಹಳ್ಳ ಬಂದಾಗ ಈಚೆ ದಡದಲ್ಲಿ ಒಬ್ಬ ನಿಂತು, ಆಚೆಯಿಂದ ಬರುವವನಿಗೆ ಕೈ ಬೀಸಿ ದಾರಿ ತೋರಿಸುವುದು ಈ ಕಡೆಯವರ ರೂಢಿ. ಬಲಕ್ಕೆ ಬೀಸಿದರೆ ಬಲಕ್ಕೆ ಬಾ, ಅಲ್ಲಿ ಆಳ ಕಡಿಮೆ. ಜೋರಾಗಿ ಬೀಸಿದರೆ ಬೇಗ ಬಾ. ನಾನೇ ಎಷ್ಟೋ ಜನರನ್ನು ಹೀಗೆ ದಾಟಿಸಿದ್ದೇನೆ. ಬಖೀತ್ ತಿಳಿಯಿತು ಎನ್ನುವಂತೆ ತಲೆಯಾಡಿಸಿದ. ಗಾಡಿ ಹತ್ತಿದ. ನನ್ನ ಕೈ ಹೋದ ಕಡೆಗೇ ಚಕ್ರ ತಿರುಗಿಸಿ ನೀರಿಗೆ ಇಳಿಸಿದ.

ಕಿರುಚಿದೆ. ನನಗೇ ಕೇಳಲಿಲ್ಲ. ಮತ್ತೆ ಕೈ ಎತ್ತಿದೆ. ಅವನು ಇನ್ನೂ ಧೈರ್ಯವಾಗಿ ಮುಂದೆ ಬಂದ. ಚಕ್ರ ಮುಳುಗಿತು. ಬಂಪರ್ ಮುಳುಗಿತು. ನೀರು ದೀಪವನ್ನು ನೆಕ್ಕುತ್ತಿತ್ತು. ನಾನು ಏನು ಮಾಡಿದರೂ ಅದು ಅವನಿಗೆ ಬಾ ಎಂದೇ ಕಾಣುತ್ತಿದೆ. ಕೈಯನ್ನೇ ಕತ್ತರಿಸಿ ಹಾಕಬೇಕು ಅನ್ನಿಸಿತು.

ಆಗ ರುಮಾಲು ತೆಗೆದೆ. ದಡದ ಕೆಸರಿನ ಮೇಲೆ ಇಟ್ಟೆ. ಬರಿತಲೆಯಲ್ಲಿ ಅದರ ಹಿಂದೆ ಮೊಣಕಾಲೂರಿದೆ. ಕೈ ತೊಡೆಯ ಮೇಲೆ. ಅಲ್ಲಾಡಲಿಲ್ಲ.

ನಮ್ಮ ಮರಳಿನ ಜನದಲ್ಲಿ ಗಂಡಸು ರುಮಾಲು ತೆಗೆದು ಇನ್ನೊಬ್ಬನ ಮುಂದೆ ನೆಲಕ್ಕಿಟ್ಟರೆ, ಎದುರಿನವನು ಏನಿದ್ದರೂ ಅಲ್ಲೇ ನಿಲ್ಲಿಸಬೇಕು. ಕಾರಣ ಆಮೇಲೆ ಕೇಳಬೇಕು. ನಮ್ಮಪ್ಪ ಬದುಕಿನಲ್ಲಿ ಒಮ್ಮೆ ಇಟ್ಟದ್ದನ್ನು ನಾವಿಬ್ಬರೂ ನೋಡಿದ್ದೆವು. ಅಣ್ಣ ತಮ್ಮನ ಮುಂದೆ ಇಟ್ಟದ್ದನ್ನು ನಾನು ಕೇಳಿಯೂ ಇಲ್ಲ.

ತಲೆ ಎತ್ತಿ ನೋಡುವ ಧೈರ್ಯ ಬರಲಿಲ್ಲ. ಗುಲ್ ಜಮಾನ್ ಭುಜ ಹಿಡಿದು ಅಲ್ಲಾಡಿಸಿದ. ಗಾಡಿ ನಿಂತಿತ್ತು. ನೀರಿನಲ್ಲೇ. ಸೊಂಡಿಲು ನಡುಗುತ್ತಿತ್ತು. ಆಮೇಲೆ ಒಮ್ಮೆ ಕೆಮ್ಮಿ, ಕಪ್ಪು ಹೊಗೆ ಬಿಟ್ಟು, ಇಂಚು ಇಂಚಾಗಿ ಹಿಂದಕ್ಕೆ ಸರಿಯಿತು. ಹಿಂದಿನ ಚಕ್ರ ಜಲ್ಲಿಗೆ ಹತ್ತಿತು. ಮುಂದಿನದು. ಕಾಲು ಗಂಟೆಯೂ ಕಳೆದಿರಲಿಕ್ಕಿಲ್ಲ, ಅದು ನಿಂತಿದ್ದ ಜಾಗದಲ್ಲಿ ಒಂದು ಇಡೀ ಖರ್ಜೂರದ ಮರ ಬೇರು ಮೇಲಾಗಿ ಕೊಚ್ಚಿಕೊಂಡು ಹೋಯಿತು.

ಹೆದರಿಕೆ ಅಲ್ಲಿಗೆ ಮುಗಿಯಲಿಲ್ಲ. ಗಾಲಿಯಾಳನ್ನು ಗಾಡಿಯ ಹಿಂದೆ ಮಲಗಿಸಿ ಸುತ್ತ ಕಂಬಳಿ ಕಟ್ಟಿದರು. ನಲವತ್ತು ಹೆಜ್ಜೆ ದೂರ. ನೋಡಬಹುದು, ಏನೂ ಮಾಡುವಂತಿಲ್ಲ. ಒಂದು ದನಿಯೂ ಕೇಳುವಂತಿಲ್ಲ. ಬಖೀತ್ ಕಂಬಳಿಯ ಈಚೆ ಕೂತು ಎದ್ದು ಕೂತು ಎದ್ದು ಮಾಡುತ್ತಿದ್ದ. ನಾನು ನಿಲ್ಲಿಸದಿದ್ದರೆ ಮುಳುಗುತ್ತಿದ್ದರು. ನಿಲ್ಲಿಸಿದ್ದರಿಂದ ಆಸ್ಪತ್ರೆ ಇಲ್ಲದೆ ಅವಳು ಹೋದರೆ? ಯಾವುದನ್ನು ಹಿಡಿದರೂ ತುದಿಯಲ್ಲಿ ನನ್ನ ಕೈ.

ಒಂದು ಗಂಟೆಯ ಸುಮಾರಿಗೆ ಅವನ ಅತ್ತೆ ಹೊರಬಂದು ನೀರಿನ ಅಂಚಿನಲ್ಲಿ ಕೈ ತೊಳೆದಳು. ತುಂಬಾ ಹೊತ್ತು ತೊಳೆದಳು. ನನ್ನ ಕಡೆ ನೋಡಲಿಲ್ಲ. ಗುಲ್ ಜಮಾನ್ ಮುಖ ತಿರುಗಿಸಿ ಏನೋ ಪ್ರಾರ್ಥನೆ ಓದಿಕೊಂಡ. ಆಮೇಲೆ ಬಖೀತ್ ತನ್ನ ರುಮಾಲಿನಲ್ಲಿ ಸುತ್ತಿದ ಗಂಟೊಂದನ್ನು ತಂದು ಎತ್ತಿ ಹಿಡಿದ. ಅದು ಅಲ್ಲಾಡುತ್ತಿದೆಯೋ ಇಲ್ಲವೋ ಅಷ್ಟು ದೂರದಿಂದ ಹೇಗೆ ಹೇಳುವುದು? ಅವನು ಅದರ ಒಂದು ಕಾಲನ್ನು ಹೊರಗೆ ತೆಗೆದ. ಕಾಲು ಒದೆಯಿತು.

ನಾಲ್ಕಕ್ಕೆ ನೀರು ಮೊಣಕಾಲಿಗೆ ಇಳಿಯಿತು. ಹಗ್ಗ ಹಿಡಿದು ದಾಟಿದೆವು. ಗಾಲಿಯಾಗೆ ರಕ್ತ ತುಂಬಾ ಹೋಗಿತ್ತು, ತುಟಿ ಬೂದಿ ಬಣ್ಣ. ಕಂಬಳಿಯಲ್ಲಿ ಎತ್ತಿ ತಂದು ನನ್ನ ಗಾಡಿಯಲ್ಲಿ ಮಲಗಿಸಿದೆವು. ಆಸ್ಪತ್ರೆಯಲ್ಲಿ ಎರಡು ಬಾಟಲಿ ರಕ್ತ ಕೊಟ್ಟರು. ಇವತ್ತು ಬೆಳಗ್ಗೆ ಕಣ್ಣು ಬಿಟ್ಟು ನೀರು ಕೇಳಿದಳು. ಉಳಿಯುತ್ತಾಳೆ ಎಂದಿದ್ದಾರೆ. ಮಗು ಹೆಣ್ಣು.

ನಿನ್ನೆ ಪಿಕಪ್ ತಂದು ಫಿಲ್ಟರ್ ಡಬ್ಬಿ ತೆಗೆದೆ. ತಳದಲ್ಲಿ ಎರಡು ಬೆರಳು ಕೆಸರು. ಫಿಲ್ಟರಿನ ಅಂಚು ಒದ್ದೆ. ಇನ್ನು ಎರಡು ಹೆಜ್ಜೆ ಬಂದಿದ್ದರೆ ಸಾಕಿತ್ತು. ಬಖೀತ್ ಹಿಂದೆಯೇ ನಿಂತಿದ್ದ. ಯಾಕೆ ನಿಲ್ಲಿಸಿದೆ ಅಣ್ಣ ಎಂದು ಕೇಳಿದ. ಸೆಳೆತ ಜಾಸ್ತಿ ಇತ್ತು ಎಂದೆ.

ಏಪ್ರಿಲ್ 18, ಶುಕ್ರವಾರ

ಸಬ್ಲಾಕ್ಕೆ ಹೋಗಬಾರದಿತ್ತು. ಖಸೀಬ್ ಚಿಕ್ಕಪ್ಪನ ಕಥೆಯಲ್ಲಿ ಹಳ್ಳ ಈಗ ನೂರು ಹೆಜ್ಜೆ ಅಗಲವಾಗಿದೆ. ನನ್ನ ರುಮಾಲು ನೀರಿನ ಮೇಲೆ ತೇಲಿ ತಮ್ಮನ ಗಾಡಿಯ ಮುಂದೆ ಹೋಗಿ ನಿಂತಿದೆ. ಎಲ್ಲರೂ ಎದ್ದು ಬಂದು ಗೌರವಕ್ಕೆ ಮೂಗಿಗೆ ಮೂಗು ತಾಗಿಸಿ ಮಾತಾಡಿಸಿದರು. ಮರಳಿನವನು ಅಂದರೆ ಹೀಗಿರಬೇಕು ಎಂದರು. ಕಾಫಿ ಮುಟ್ಟದೆ ಎದ್ದು ಬಂದೆ. ಹಳ್ಳದ ದಡದಲ್ಲಿದ್ದ ಹೆದರಿಕೆಗೆ ಒಂದು ಆಕಾರ ಇತ್ತು. ಇದಕ್ಕೆ ಇಲ್ಲ.

ಏಪ್ರಿಲ್ 20, ಭಾನುವಾರ, ಸಂಜೆ

ಮಗು ಹುಟ್ಟಿ ಏಳನೆಯ ದಿನ. ಮಗುವಿನ ತಲೆಗೂದಲು ತೆಗೆದು ನಸ್ರಾ ಎಂದು ಹೆಸರಿಟ್ಟರು. ಬಖೀತ್ ಎರಡು ಆಡು ಕೊಯ್ಯಿಸಿದ. ಮಧ್ಯಾಹ್ನ ಸಬ್ಲಾ ತುಂಬ ಜನ, ಅಕ್ಕಿ ಮಾಂಸದ ದೊಡ್ಡ ತಟ್ಟೆಗಳು. ಬಖೀತ್ ನನ್ನ ಮುಂದೆ ಕೂತು ಒಳ್ಳೆಯ ತುಂಡುಗಳನ್ನು ಆರಿಸಿ ನನ್ನ ಕಡೆಗೆ ದೂಡುತ್ತಿದ್ದ. ಖಸೀಬ್ ಚಿಕ್ಕಪ್ಪ ಕೈ ತೊಳೆದು ಗಂಟಲು ಸರಿಮಾಡಿಕೊಂಡ. ನೀರು ಹೇಗೆ ಬಂತು ಅಂದರೆ... ಎಂದು ಶುರುಮಾಡಿದ.

ನಾನು ಎದ್ದು ನಿಂತೆ. 

“ಚಿಕ್ಕಪ್ಪ, ಸ್ವಲ್ಪ ತಡಿ. ನಾನು ರುಮಾಲು ಇಟ್ಟಿದ್ದು ನೀರಿಗೆ ಹೆದರಿ ಅಲ್ಲ. ನನ್ನ ಕೆಲಸಕ್ಕೆ ಹೆದರಿ.”

ಹೇಳಿದೆ. ತುಟಿ ಕಿತ್ತದ್ದು, ಕಸದ ಡಬ್ಬ, ಹೋಗದೆ ಉಳಿದ ಭಾನುವಾರ, ಫೋನಿನಲ್ಲಿ ಕಳೆದ ಎರಡು ಉಸಿರು.  ಬಖೀತ್ ಮೂಳೆಯಿಂದ ಮಾಂಸ ಬಿಡಿಸುತ್ತಲೇ ಇದ್ದ. ನನ್ನ ಮಾತು ಮುಗಿದ ಮೇಲೆ ತಲೆ ಎತ್ತಿದ.

“ಡಬ್ಬಿ ತೆಗೆದಾಗಲೇ ನೋಡ್ದೆ. ನೀನಾಗೇ ಹೇಳ್ತೀಯಾ ಅಂತ ಐದು ದಿನದಿಂದ ಕಾಯ್ತಿದ್ದೆ.”

ಬಿಡಿಸಿದ ಮಾಂಸವನ್ನು ನನ್ನ ಕಡೆಗೆ ದೂಡಲಿಲ್ಲ. ತಾನೂ ತಿನ್ನಲಿಲ್ಲ. ತಟ್ಟೆಯ ನಡುವೆ ಬಿಟ್ಟ. ನನ್ನ ಕಥೆ ಕೆಡಿಸಿಬಿಟ್ಟೆಯಲ್ಲೋ ಎಂದು ಖಸೀಬ್ ಚಿಕ್ಕಪ್ಪ ಮೆಲ್ಲಗೆ ಅಂದ. 

ಆಗ ಬಾಗಿಲ ಹತ್ತಿರ ಕೂತವನೊಬ್ಬ, ಮೇವಿನ ವ್ಯಾಪಾರದವನು, ಬೆರಳು ನೆಕ್ಕುತ್ತಿದ್ದದ್ದನ್ನು ನಿಲ್ಲಿಸಿದ.

“ಸುವೈಲಿಮ್, ನನ್ನ ಗಾಡಿಗೂ ನೀನೇ ಅಲ್ವಾ ಹಾಕಿದ್ದು? ಅದರ ತೂತು?”

ನೋಡಿದೆ. ಅವನನ್ನಲ್ಲ, ಸಬ್ಲಾದ ಹೊರಗೆ ನಿಂತ ಗಾಡಿಗಳನ್ನು. ಅಲ್ಲೊಂದು ಸೊಂಡಿಲು, ಇಲ್ಲೊಂದು. ಎಲ್ಲ ಮರಳಿಗೆ ಎಂದು ಹಾಕಿಸಿದವರು. ಆದರೆ ಹಳ್ಳದ ಕಥೆ ಊರೆಲ್ಲ ಕೇಳಿದೆ. ಸೊಂಡಿಲಿನ ಗಾಡಿ ನೀರಿಗೆ ಇಳಿದು, ಸತ್ತುಹೋಗದೆ ಹಿಂದೆ ಬಂತು ಎಂದೂ ಕೇಳಿದ್ದಾರೆ.

ಏಪ್ರಿಲ್ 21, ಸೋಮವಾರ, ಬೆಳಗ್ಗೆ 10

ನಿನ್ನೆ ಕೇಳಿದವರು ಬೆಳಗ್ಗೆ ಬಂದರು. ಮುಂಜಾನೆಯ ನಮಾಜು ಮುಗಿಯುವುದೇ ತಡ, ಗ್ಯಾರೇಜಿನ ಮುಂದೆ ಏಳು ಗಾಡಿ ಸಾಲಾಗಿ. ಬೈಗುಳ ಇಲ್ಲ. ತಾವೇ ಬಾನೆಟ್ ಎತ್ತಿ ಪಕ್ಕಕ್ಕೆ ನಿಂತರು. ಇಬ್ಬರು ಗ್ಯಾರೇಜಿನ ಮುಂದೆಯೇ ಹಾದು ಪೇಟೆಯ ಕಡೆಗೆ ಹೋದರು, ಈ ಕಡೆ ತಿರುಗಲಿಲ್ಲ. ಅವರನ್ನು ದೂರುವುದಿಲ್ಲ. ಗಾಡಿಯೇ ಇಲ್ಲದ ಖಸೀಬ್ ಚಿಕ್ಕಪ್ಪನೂ ಬಂದು ಟೈರಿನ ಮೇಲೆ ಕೂತ. ಇವತ್ತು ಕಥೆ ಹೇಳಲಿಲ್ಲ. ಮೂಝಾ ಕಾಫಿ, ಖರ್ಜೂರ ತಂದಿಟ್ಟು ಹೋದಳು.

ಏಳರಲ್ಲಿ ಏಳೂ ತೆರೆದ ತೂತು. ಗುಲ್ ಜಮಾನ್ ಬಿರಡೆ ಒತ್ತಿದ, ನಾನು ಅಂಗೈ ಇಟ್ಟೆ. ಒಂದೊಂದೇ ಉಸಿರುಕಟ್ಟಿ ನಿಂತವು.

ಎಂಟೂವರೆಗೆ ಬಖೀತ್ ಬಂದ.  ಟಾರ್ಚ್ ತೆಗೆದುಕೊಂಡು ನನ್ನ ಪಕ್ಕ ನಿಂತು ಹಿಡಿದ. ಕೊನೆಯ ಗಾಡಿ ಹೋದ ಮೇಲೆ, ಇನ್ನು ಯಾರದ್ದಿದೆ ಎಂದು ಕೇಳಿದ. ಬೆರಳು ಮಡಿಸಿ ನೆನಪು ಮಾಡಿಕೊಂಡೆ. ಏಳು ಬಂದವು, ಎರಡು ಪೇಟೆಗೆ ಹೋದವು. ಹತ್ತನೆಯದು ಮರಳಿನಲ್ಲೇ ಇದೆ, ಅದರ ಯಜಮಾನ ಫೋನಿನಲ್ಲಿ ಸಿಕ್ಕ, ಹೇಳಿದೆ. ಹನ್ನೊಂದನೆಯದು...

ಮುಹನ್ನಾ. ಜೇನು ಸಾಕುವವನು. ನಿನ್ನೆ ಊಟಕ್ಕೆ ಬಂದಿರಲಿಲ್ಲ. ಪೆಟ್ಟಿಗೆಗಳನ್ನು ಗಾಡಿಗೆ ಹೇರಿಕೊಂಡು ಹಳ್ಳದ ಮೇಲ್ಭಾಗಕ್ಕೆ ಹೋಗಿ ಮೂರು ದಿನವಾಯಿತಂತೆ. ಹೆಂಡತಿಯೂ ಜೊತೆಗೆ. ಬಖೀತನ ಗಾಡಿಯ ಕಥೆ ಕೇಳಿ, ನಮ್ಮದಕ್ಕೂ ಸುವೈಲಿಮನದೇ ಸೊಂಡಿಲು, ಇನ್ನೇನು ಹೆದರಿಕೆ ಎಂದು ಹೇಳಿಕೊಂಡು ಹೋದನಂತೆ.

ಬೆಟ್ಟದ ಮೇಲೆ ಕಪ್ಪು ಕಟ್ಟಿದೆ. ಅವನಿಗೆ ಒಂಬತ್ತು ಸಲ ಫೋನ್ ಮಾಡಿದೆ, ಸಿಗ್ನಲ್ ಇಲ್ಲ. ಬಖೀತ್ ಗಾಡಿ ಶುರುಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ. ಇದೊಂದು ಸಲ ಮಾಡಿ ನೋಡುತ್ತೇನೆ. ಈ ಸಲ ಮೊದಲ ಮಾತೇ ತೂತಿದೆ ಅಂತ. ರಿಂಗ್ ಆಗುತ್ತಿದೆ. ಎತ್ತಿದ. ಅವನ ದನಿಯ ಹಿಂದೆ ನೀರಿನ ಸದ್ದು—